ಹೆಸರಿಗೆ ಪೇಟೆಂಟ್ ಇಲ್ಲ, ಇರುವುದು ಟ್ರೇಡ್‌ಮಾರ್ಕ್

ಮಾನ್ಯ ಸಂಪಾದಕರೆ,

ಅಂಗಡಿಯ ಅಥವಾ ಸರಕಿನ ಹೆಸರಿಗಾಗಿ ತಗಾದೆ ಎದ್ದಾಗಲೆಲ್ಲ ‘ಹೆಸರಿಗೆ ಪೇಟೆಂಟ್ ಪಡೆದಿದ್ದಾರೆ’ ಎಂಬ ವಾಕ್ಯವನ್ನು ಪತ್ರಿಕೆಗಳಲ್ಲಿ ಓದುತ್ತಿರುತ್ತೇನೆ. ಪೇಟೆಂಟ್ ದೊರೆಯುವುದು ಹೊಸ ಆವಿಷ್ಕಾರಕ್ಕೆ, ಅದೂ 20 ವರ್ಷಗಳ ಮಟ್ಟಿಗೆ. ಹೆಸರಿಗೂ ಲಾಂಛನಕ್ಕೂ ದೊರೆಯುವುದು 1999ರ ಕಾಯ್ದೆಯಡಿಯ ಟ್ರೇಡ್‌ಮಾರ್ಕ್ ನೋಂದಣಿ. 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದು ಎಷ್ಟು ಕಾಲವಾದರೂ ಉಳಿಯುತ್ತದೆ.

ತುಮಕೂರಿನಲ್ಲಿ ಲೇಬಲ್ ಮುದ್ರಿಸಿ ಬದುಕುವ ನನಗೆ ಈ ಗೊಂದಲ ದಿನನಿತ್ಯದ್ದು. ಈಚೆಗೆ ಮನೆಯಲ್ಲೇ ಚಟ್ನಿಪುಡಿ ಮಾಡುವ ತಾಯಿಯೊಬ್ಬರು ಬಂದು, ‘ತಾಜಾ’ ಎಂಬ ಹೆಸರಿನ ಪಕ್ಕ ವೃತ್ತದೊಳಗಿನ ‘ಆರ್’ ಅಕ್ಷರ ಹಾಕಿಕೊಡಿ ಎಂದರು. ನೋಂದಣಿ ಆಗಿದೆಯೇ ಎಂದು ಕೇಳಿದ್ದಕ್ಕೆ ಚೀಲದಿಂದ ಎಫ್‌ಎಸ್‌ಎಸ್‌ಎಐ ಪತ್ರವನ್ನೂ ಜಿಎಸ್‌ಟಿ ಪತ್ರವನ್ನೂ ತೆಗೆದು ಮೇಜಿನ ಮೇಲೆ ಹರಡಿದರು. ಒಂದು ಆಹಾರ ತಯಾರಿಸಲು, ಇನ್ನೊಂದು ತೆರಿಗೆ ಕಟ್ಟಲು. ಎರಡೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಟ್ರೇಡ್‌ಮಾರ್ಕ್ ಎಂಬುದರ ಗುರುತಾದ ‘ಟಿಎಂ’ ಅನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು, ಆದರೆ ನೋಂದಣಿಯಾಗದೆ ‘ಆರ್’ ಹಾಕಿದರೆ ದಂಡ ತೆರಬೇಕಾಗುತ್ತದೆ. ‘ತಾಜಾ’ದಂತೆ ಸರಕಿನ ಗುಣವನ್ನಷ್ಟೇ ಹೇಳುವ ಪದಕ್ಕೆ, ಬಹುಕಾಲದ ಬಳಕೆಯಿಂದ ಅದು ಒಬ್ಬರದೇ ಗುರುತೆಂದು ಜನ ಒಪ್ಪಿರದ ಹೊರತು, ನೋಂದಣಿ ಸಿಗುವುದು ಕಷ್ಟ. ಆಕೆ ಇದನ್ನು ಕೇಳಿ ಸಪ್ಪಗಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನೋಂದಾಯಿಸಿದ ಮಾತ್ರಕ್ಕೆ ಪದವೇ ಸ್ವಂತದ್ದಾಗುತ್ತದೆ ಎಂಬುದು ಎರಡನೆಯ ತಪ್ಪು ತಿಳಿವಳಿಕೆ. ಇದಕ್ಕೆ ನಮ್ಮ ರಾಜ್ಯದ ಮೊಕದ್ದಮೆಯೇ ಸಾಕ್ಷಿ. 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದ್ದ ಕೆಎಂಎಫ್, 1989ರಿಂದ ಬೆಂಗಳೂರಿನಲ್ಲಿ ನಡೆದುಬಂದ ‘ನಂದಿನಿ ಡಿಲಕ್ಸ್’ ಹೋಟೆಲಿನ ಹೆಸರಿನ ನೋಂದಣಿಗೆ ಆಕ್ಷೇಪಿಸಿತ್ತು. ಹೈಕೋರ್ಟ್ ಕೆಎಂಎಫ್ ಪರ ನಿಂತರೂ ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಒಪ್ಪಲಿಲ್ಲ. ನಂದಿನಿ ಎಂಬುದು ಯಾರೂ ಹೊಸದಾಗಿ ಕಟ್ಟಿದ ಪದವಲ್ಲ, ಪುರಾಣದ ದೇವಿಯ ಹಾಗೂ ಹಸುವಿನ ಹೆಸರು. ಎರಡರ ಲಾಂಛನವೂ ಸರಕೂ ಬೇರೆಯಾದ್ದರಿಂದ ಗ್ರಾಹಕ ಮೋಸಹೋಗಲಾರ. ನೋಂದಣಿಗಾಗಿ ಸರಕುಗಳನ್ನು ವಿಂಗಡಿಸಿದ ಒಂದು ವರ್ಗದಲ್ಲಿ ಹೆಸರು ನೋಂದಣಿಯಾಗಿದ್ದ ಮಾತ್ರಕ್ಕೆ ಆ ವರ್ಗದ ಎಲ್ಲ ಸರಕುಗಳ ಮೇಲೂ ಏಕಸ್ವಾಮ್ಯ ಬಾರದು ಎಂದಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನವರ ನೋಂದಣಿಯಿಂದ ಹೊರಗಿಟ್ಟಿತು. ಗ್ರಾಹಕನಿಗೆ ಗಲಿಬಿಲಿಯಾಗುತ್ತದೆಯೇ ಎಂಬ ಒಂದೇ ಪ್ರಶ್ನೆಯ ಸುತ್ತ ಈ ಕಾನೂನು ಎಷ್ಟರಮಟ್ಟಿಗೆ ತಿರುಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇನ್ನು, ನೋಂದಣಿ ಇಲ್ಲದವರು ನಿರ್ಗತಿಕರೇನಲ್ಲ. ಹೆಸರನ್ನು ಮೊದಲಿನಿಂದ ನಿರಂತರವಾಗಿ ಬಳಸಿ ಹೆಸರು ಗಳಿಸಿದವರು, ಬೇರೆಯವರು ತಮ್ಮ ಮಾಲನ್ನು ಇವರದೇ ಸರಕೆಂದು ನಂಬಿಸಿ ಮಾರುವುದನ್ನು ‘ಪಾಸಿಂಗ್ ಆಫ್’ ದಾವೆ ಹೂಡಿ ತಡೆಯಬಹುದು. ಆದರೆ ಹಳೆಯ ಬಿಲ್ಲು, ಲೇಬಲ್ಲುಗಳ ಪುರಾವೆ ಬೇಕು. ಅದಕ್ಕೆಂದೇ ನಾನು ಪ್ರತಿ ಗಿರಾಕಿಯ ಮೊದಲ ಲೇಬಲ್ಲಿನ ಒಂದು ಪ್ರತಿಯನ್ನು ತಾರೀಖು ಹಾಕಿ ಎತ್ತಿಟ್ಟುಕೊಡುತ್ತೇನೆ.

ಬೇರೆಯವರ ನೋಂದಣಿ ಅರ್ಜಿಯು ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕೆಂಬ ಸಂಗತಿ ನಮ್ಮ ಸಣ್ಣ ವ್ಯಾಪಾರಿಗಳಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ತಮ್ಮ ವಾಣಿಜ್ಯ ಪುಟದಲ್ಲಿ ಇಂಥ ವಿವರಗಳಿಗೆ ಕನ್ನಡದಲ್ಲಿ ಆಗಾಗ ಜಾಗ ಕೊಡಬೇಕೆಂದೂ, ಸುದ್ದಿ ಬರೆಯುವಾಗ ‘ಪೇಟೆಂಟ್’ ಮತ್ತು ‘ಟ್ರೇಡ್‌ಮಾರ್ಕ್’ ಪದಗಳನ್ನು ಬೇರೆಬೇರೆಯಾಗಿಯೇ ಬಳಸಬೇಕೆಂದೂ ವಿನಂತಿಸುತ್ತೇನೆ.

ಇತಿ,
ಒಬ್ಬ ಲೇಬಲ್ ಮುದ್ರಕ, ತುಮಕೂರು