ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆ ಕೊಡಿಸಿ: ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಶರಣು.

ದೀಪಾವಳಿ ಮುಗಿದ ಮೇಲೆ ನಮ್ಮೂರಲ್ಲಿ ಓಣಿ ಓಣಿಗೂ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಮುಂಬೈ ಅಂತ ಜನ ಗುಳೆ ಹೋಗುತ್ತಾರೆ. ಹೋದ ವರ್ಷ ನನ್ನ ಅಕ್ಕನೂ ಹೋದಳು. ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ, ಮೂವತ್ತು ಗುಳಿಗೆಯ ಒಂದು ಡಬ್ಬಿ. ಡಬ್ಬಿ ಖಾಲಿಯಾದಾಗ ಮೇಸ್ತ್ರಿ ರಜೆ ಕೊಡಲಿಲ್ಲ. ಊರಿಗೆ ಬಂದು ಹೋಗುವುದೆಂದರೆ ಮೂರು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಹನ್ನೊಂದು ದಿನ ಅಕ್ಕ ಗುಳಿಗೆ ಇಲ್ಲದೆ ಇದ್ದಳು.

ಅವಳಿಗೆ ಎಚ್‌ಐವಿ ಇದೆ. 2007ರಿಂದ ಎಆರ್‌ಟಿ, ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಔಷಧಿ, ತೆಗೆದುಕೊಳ್ಳುತ್ತಿದ್ದಾಳೆ. ಆ ಹನ್ನೊಂದು ದಿನ ನನಗೆ ಯಾಕೆ ಅಷ್ಟು ಸಂಕಟವಾಯಿತು ಎಂದು ತಿಳಿಯಬೇಕಾದರೆ, ಈ ಗುಳಿಗೆ ಸಿಗುವ ಮೊದಲು ಅವಳು ಏನೆಲ್ಲ ಅನುಭವಿಸಿದಳು ಎಂದು ಹೇಳಬೇಕು.

ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಅದಿಲ್ಲದಿದ್ದರೆ ಅಕ್ಕ ಉಳಿಯುತ್ತಿರಲಿಲ್ಲ. ಅದನ್ನು ನಮ್ಮ ಮನೆಯವರು ಯಾವತ್ತೂ ಮರೆಯುವುದಿಲ್ಲ. ಆದರೆ ಮೊದಲ ಸಲ ಹೋದಾಗ ಔಷಧಿ ಕೊಡಲಿಲ್ಲ. ಸಿಡಿ4, ಅಂದರೆ ರೋಗ ತಡೆಯುವ ರಕ್ತಕಣಗಳ ಎಣಿಕೆ, ಇನ್ನೂ ಇಳಿಯಬೇಕು ಎಂದು ವಾಪಸ್ ಕಳಿಸಿದರು. ಅದು 200ಕ್ಕಿಂತ ಕೆಳಗೆ ಬರುವ ಹೊತ್ತಿಗೆ ಅಕ್ಕ ಎದ್ದು ನಡೆಯಲಾರದಷ್ಟು ಸೊರಗಿದ್ದಳು. ಅಮೆರಿಕದಲ್ಲಿ ಸಿಡಿ4 ಎಷ್ಟೇ ಇರಲಿ, ಎಲ್ಲರಿಗೂ ಔಷಧಿ ಕೊಡಿ ಎಂಬ ಸಲಹೆ 2012ರಲ್ಲೇ ಬಂತು. ನಮಗೆ ಅದು ಬಂದಿದ್ದು 2017ರಲ್ಲಿ.

ಆಗ ಸಿಕ್ಕಿದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರೂ ಸೇರಿದ ಗುಳಿಗೆ. ದಿನಕ್ಕೆ ಎರಡು ಸಲ. ಜೀವ ಉಳಿಯಿತು. ಆದರೆ ಎರಡು ವರ್ಷದಲ್ಲಿ ಕೆನ್ನೆ ಒಳಗೆ ಹೋಯಿತು, ಕೈಕಾಲು ಕಡ್ಡಿಯಾದವು, ಪಾದ ಉರಿಯತೊಡಗಿತು. ಯಾರಿಗೂ ಹೇಳದೆ ಮುಚ್ಚಿಟ್ಟ ಕಾಯಿಲೆಯನ್ನು ಮುಖವೇ ಊರಿಗೆಲ್ಲ ಹೇಳಿತು. ಇದು ಸ್ಟಾವುಡಿನ್ ಮಾಡುವ ಕೆಲಸ ಎಂದು ಆಗಲೇ ಗೊತ್ತಿತ್ತು. ಶ್ರೀಮಂತ ದೇಶಗಳ ವೈದ್ಯರು ಅದನ್ನು ಅಷ್ಟರಲ್ಲಿ ಕೈಬಿಟ್ಟಿದ್ದರು. ಬಡ ದೇಶಗಳಲ್ಲಿ ಉಳಿದುಕೊಂಡಿದ್ದು ಅಗ್ಗ ಎಂಬ ಕಾರಣಕ್ಕೆ. ಇದನ್ನು ನಿಲ್ಲಿಸುತ್ತಾ ಬನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ಅಕ್ಕನ ಗುಳಿಗೆ ಬದಲಾಗಿದ್ದು 2012ರಲ್ಲಿ. ಪಾದದ ಉರಿ ಇವತ್ತಿಗೂ ಹೋಗಿಲ್ಲ. ರಾತ್ರಿ ತಣ್ಣೀರಲ್ಲಿ ಕಾಲು ಇಟ್ಟುಕೊಂಡು ಕೂರುತ್ತಾಳೆ.

ಆಮೇಲೆ ಜಿಡೋವುಡಿನ್ ಬಂತು, ರಕ್ತ ಕಡಿಮೆಯಾಯಿತು. ನಂತರ ಟೆನೊಫೋವಿರ್ ಜೊತೆ ಎಫಾವಿರೆಂಜ್. ದಿನಕ್ಕೆ ಒಂದೇ ಗುಳಿಗೆ, ನಿಜ. ಆದರೆ ತಲೆ ಸುತ್ತು, ರಾತ್ರಿಯೆಲ್ಲ ಕೆಟ್ಟ ಕನಸು. ಕೊನೆಗೆ 2021ರಲ್ಲಿ ಡೊಲುಟೆಗ್ರಾವಿರ್ ಇರುವ ಗುಳಿಗೆ ಸಿಕ್ಕಿತು. ಅದನ್ನು ಟಿಎಲ್‌ಡಿ ಅನ್ನುತ್ತಾರೆ. ನಾಲ್ಕು ತಿಂಗಳಲ್ಲಿ ಅಕ್ಕ ಹೊಲಕ್ಕೆ ಹೋಗಿ ಹತ್ತಿ ಬಿಡಿಸಿದಳು. ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ.

ಬಡ ದೇಶಗಳಿಗೆ ಈ ಗುಳಿಗೆಯನ್ನು ಒಬ್ಬರಿಗೆ ವರ್ಷಕ್ಕೆ ಸುಮಾರು 75 ಡಾಲರ್‌ಗೆ ಕೊಡುವ ಒಪ್ಪಂದ 2017ರಲ್ಲಿ ಆಯಿತು. ಒಪ್ಪಿಕೊಂಡ ಕಂಪನಿಗಳಲ್ಲಿ ಒಂದು ಹೈದರಾಬಾದಿನ ಅರಬಿಂದೊ ಫಾರ್ಮಾ. ಗುರುಮಠಕಲ್ ದಾಟಿದರೆ ತೆಲಂಗಾಣ ಅಲ್ವಾ ಸರ್? ನಮ್ಮ ಪಕ್ಕದಲ್ಲೇ ಮಾಡುವವರಿದ್ದರೂ ನಮಗೆ ತಲುಪಲು ಅಷ್ಟು ವರ್ಷ ಬೇಕಾಯಿತು.

ಇಷ್ಟು ಕಾದು ಸಿಕ್ಕಿದ ಒಳ್ಳೆಯ ಗುಳಿಗೆ ಹನ್ನೊಂದು ದಿನ ತಪ್ಪಿತು. ತಪ್ಪಿದರೆ ವೈರಸ್ ಮತ್ತೆ ಏಳುತ್ತದೆ. ಪದೇ ಪದೇ ತಪ್ಪಿದರೆ ಔಷಧಿಗೆ ಬಗ್ಗದೆ ಹೋಗಬಹುದು. ದಿನವೂ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣಿಸದಷ್ಟು ಇಳಿದರೆ, ಲೈಂಗಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹರಡುವುದೇ ಇಲ್ಲ. ಹಾಗಾಗಿ ಇದು ಅಕ್ಕನೊಬ್ಬಳ ವಿಷಯ ಅಲ್ಲ.

ಸ್ಥಿರವಾಗಿರುವ ರೋಗಿಗಳಿಗೆ ಒಮ್ಮೆಗೇ ಮೂರು ತಿಂಗಳ ಗುಳಿಗೆ ಕೊಡಲು ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಅವಕಾಶ ಇದೆ. ಅಕ್ಕ ಕೇಳಿದಾಗ "ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬಾ" ಎಂದರು. ಅಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲದ್ದನ್ನು ಅವರು ಎಲ್ಲಿಂದ ಕೊಡಬೇಕು? 2022ರಲ್ಲಿ ಇದೇ ಔಷಧಿಯ ಕೊರತೆಗಾಗಿ ಎಚ್‌ಐವಿ ಇರುವವರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಕಚೇರಿ ಮುಂದೆ ವಾರಗಟ್ಟಲೆ ಧರಣಿ ಕೂತರು. ಶಹಾಪುರ, ಸುರಪುರದ ಕೂಲಿಯವರು ದೆಹಲಿಗೆ ಹೋಗಿ ಕೂರಲಾರರು. ಅವರ ಪರವಾಗಿ ನೀವು ಕೇಳಬೇಕು.

ಗುಳೆ ಶುರುವಾಗುವ ಮೊದಲೇ ಜಿಲ್ಲೆಗೆ ಜಾಸ್ತಿ ದಾಸ್ತಾನು ತರಿಸಿ. ಊರು ಬಿಡುವವರಿಗೆ ಮೂರು ತಿಂಗಳದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಿಸಿ. ಅದಕ್ಕೆ ಬೇರೆ ಕೋಣೆ, ಬೇರೆ ಬೋರ್ಡು ಬೇಡ. ಬೋರ್ಡು ಕಂಡರೆ ಊರವರು ನೋಡುತ್ತಾರೆಂದು ಎಷ್ಟೋ ಜನ ಹತ್ತಿರದ ಆಸ್ಪತ್ರೆ ಬಿಟ್ಟು ದೂರ ಹೋಗುತ್ತಾರೆ. ಬಿಪಿ, ಶುಗರ್ ಗುಳಿಗೆ ಕೊಡುವ ಕಿಟಕಿಯಲ್ಲೇ ಕೊಡಲಿ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯಿಂದ ರಸ್ತೆ, ಕಟ್ಟಡ ಆಗುತ್ತಿವೆ, ಸಂತೋಷ. ಅದರಲ್ಲಿ ಈ ಕೆಲಸಕ್ಕೆ ತಾಲ್ಲೂಕಿಗೊಬ್ಬ ಫಾರ್ಮಸಿಸ್ಟ್ ಕೊಟ್ಟರೂ ಸಾಕು.

ಇನ್ನೊಂದು ಮಾತು. ದಿನವೂ ಗುಳಿಗೆ ನುಂಗುವ ಬದಲು ಎರಡು ತಿಂಗಳಿಗೊಮ್ಮೆ ಸೂಜಿ ಮಾಡಿಸಿಕೊಳ್ಳುವ ಔಷಧಿ ಶ್ರೀಮಂತ ದೇಶಗಳಲ್ಲಿ ಈಗಾಗಲೇ ಇದೆ. ವೈರಸ್ ಹತೋಟಿಯಲ್ಲಿ ಇರುವವರಿಗೆ ಅದನ್ನೂ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ. ಗುಳೆ ಹೋಗುವವರಿಗಿಂತ ಅದು ಹೆಚ್ಚು ಬೇಕಾದವರು ಯಾರಿದ್ದಾರೆ? ಅದು ನಮ್ಮ ಸರ್ಕಾರಿ ಆಸ್ಪತ್ರೆಗೂ ಬರಲಿ ಎಂದು ರಾಜ್ಯ ಸರ್ಕಾರದಿಂದ ಕೇಂದ್ರಕ್ಕೆ ಈಗಲೇ ಪತ್ರ ಬರೆಸಿ. ಸ್ಟಾವುಡಿನ್ ಬಿಡಲು ಕಾದಂತೆ ಇದಕ್ಕೂ ಕಾಯುವ ಶಕ್ತಿ ಅಕ್ಕನ ಕಾಲಿಗೆ ಇಲ್ಲ.

ಈ ದೀಪಾವಳಿ ಅಮಾವಾಸ್ಯೆ ಕಳೆದ ಮೂರನೇ ದಿನಕ್ಕೆ ಅವಳು ಮತ್ತೆ ಬೆಂಗಳೂರಿನ ಬಸ್ಸು ಹತ್ತುತ್ತಾಳೆ. ಅಷ್ಟರೊಳಗೆ ನಿಮ್ಮ ಆದೇಶ ಆಸ್ಪತ್ರೆಗೆ ತಲುಪಲಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಶಹಾಪುರ ತಾಲ್ಲೂಕಿನ ಒಬ್ಬ ತಂಗಿ
(ಅಕ್ಕನ ಗುರುತು ಹೊರಬೀಳಬಾರದೆಂದು ನನ್ನ ಹೆಸರು ಬರೆದಿಲ್ಲ)