‘ರೆಸ್ಪೆಕ್ಟ್’ನಿಂದ ಶುರು ಮಾಡಬೇಡಿ

ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ ಹೆಸರೆತ್ತಿದರೆ ಎಲ್ಲರೂ ‘ರೆಸ್ಪೆಕ್ಟ್’ ಹಾಕುತ್ತಾರೆ. ಜಾಹೀರಾತು, ಸಿನಿಮಾ, ಸೂಪರ್‌ಮಾರ್ಕೆಟ್ಟುಗಳಲ್ಲಿ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿರುವ ಹಾಡದು. ಹಾಗಾಗಿ, ಆ ಹಾಡಿನಿಂದಲೇ ಶುರುವಾಗುವ, 1967ರ ಮಾರ್ಚ್‌ನಲ್ಲಿ ಬಂದ ‘ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯೂ’ ಆಲ್ಬಮ್ಮನ್ನು ಗ್ರಾಮಫೋನ್ ತಟ್ಟೆಯ ಎರಡನೇ ಮಗ್ಗುಲಿಂದ ಕೇಳಲು ತೊಡಗಿ. 1972ರ ‘ಅಮೇಜಿಂಗ್ ಗ್ರೇಸ್’ ಇದಕ್ಕಿಂತ ದೊಡ್ಡದು ಎನ್ನುವವರಿದ್ದಾರೆ. ಅದು ಚರ್ಚಿನ ಗಾಯನ, ಅದರ ಲೆಕ್ಕವೇ ಬೇರೆ. ಚರ್ಚಿನ ಗಾಯನವೂ ಬ್ಲೂಸೂ ಬೆರೆತ ಕಪ್ಪು ಅಮೆರಿಕನ್ನರ ‘ಸೋಲ್’ ಸಂಗೀತದಲ್ಲಿ ಅವರ ಅತ್ಯುತ್ತಮ ಆಲ್ಬಮ್ ಇದೇ ಎಂಬುದು ನಮ್ಮ ಪಟ್ಟು.

ಎರಡನೇ ಮಗ್ಗುಲಿನ ಮೊದಲ ಹಾಡು ‘ಡಾಕ್ಟರ್ ಫೀಲ್‌ಗುಡ್’. ವಿಳಂಬದ ಬ್ಲೂಸ್, ತಿಶ್ರ ನಡೆ: ಒಂದೊಂದು ಎಣಿಕೆಯೂ ಮೂರಾಗಿ ಒಡೆಯುತ್ತದೆ. ದನಿಯ ಬೆನ್ನು ಹತ್ತಬೇಡಿ, ಪಿಯಾನೊ ಹಿಡಿಯಿರಿ. ನುಡಿಸುತ್ತಿರುವುದೂ ಅರೀತಾ ಅವರೇ. ಸಾಲು ಮುಗಿದ ಕಡೆ ಬೆರಳು ಮಾತು ಮುಂದುವರಿಸುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಕೈಗೆ ಮೊದಲೇ ಗೊತ್ತು. ಇದಕ್ಕೂ ಮುಂಚಿನ ಕೊಲಂಬಿಯಾ ರೆಕಾರ್ಡ್ ಕಂಪನಿಯ ವರ್ಷಗಳಲ್ಲಿ ಅವರು ಪಿಯಾನೊ ಮುಟ್ಟಿರಲಿಲ್ಲವೆಂದಲ್ಲ. ಆದರೆ ಬಹಳಷ್ಟು ಹಾಡುಗಳಲ್ಲಿ ಬೇರೆಯವರು ಹೊಂದಿಸಿಟ್ಟ ವಾದ್ಯವೃಂದದ ಮೇಲೆ ದನಿ ಕೂರಿಸಬೇಕಿತ್ತು. ಅಟ್ಲಾಂಟಿಕ್ ಕಂಪನಿಯ ನಿರ್ಮಾಪಕ ಜೆರಿ ವೆಕ್ಸ್ಲರ್ ಅವರನ್ನು ಪಿಯಾನೊ ಮುಂದೆ ಕೂರಿಸಿ, ಉಳಿದವರನ್ನು ಸುತ್ತ ಸೇರಿಸಿದರು.

ಶೀರ್ಷಿಕೆ ಗೀತೆ ಧ್ವನಿಮುದ್ರಣವಾದದ್ದು ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೊದಲ್ಲಿ, 1967ರ ಜನವರಿ 24ರಂದು. ನಡೆ ಸಿಗದೆ ಎಲ್ಲರೂ ತಡಕಾಡುತ್ತಿದ್ದಾಗ ವಾದಕ ಸ್ಪೂನರ್ ಓಲ್ಡ್‌ಹ್ಯಾಮ್ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೊದಲ್ಲಿ ಒಂದು ಪುಟ್ಟ ತುಣುಕು ನುಡಿಸಿದರು. ಹಾಡು ಶುರುವಾಗುವುದೇ ಅದರಿಂದ. ಅಂದೇ ಜಗಳವೂ ಆಗಿ ಕೆಲಸ ನಿಂತಿತು, ‘ಡು ರೈಟ್ ವುಮನ್’ ಅರ್ಧಕ್ಕೇ ಉಳಿಯಿತು. ಆಮೇಲೆ ನ್ಯೂಯಾರ್ಕ್‌ನಲ್ಲಿ ಅರೀತಾ ಅದಕ್ಕೆ ಪಿಯಾನೊ, ಆರ್ಗನ್ ಎರಡನ್ನೂ ತಾವೇ ತುಂಬಿ, ತಂಗಿ ಕ್ಯಾರೊಲಿನ್, ಅಕ್ಕ ಅರ್ಮಾ ಅವರ ಹಿಮ್ಮೇಳ ಸೇರಿಸಿ ಮುಗಿಸಿದರು. ಈ ತೇಪೆ ಎಲ್ಲೂ ಕಾಣುವುದಿಲ್ಲ.

ಈಗ ‘ರೆಸ್ಪೆಕ್ಟ್’ಗೆ ಬನ್ನಿ. ಗಾಯಕ ಓಟಿಸ್ ರೆಡಿಂಗ್ 1965ರಲ್ಲಿ ಹಾಡಿದ ಮೂಲವನ್ನು ಮೊದಲು ಕೇಳಿದರೆ ಅರೀತಾ ಏನು ಮಾಡಿದರೆಂಬುದು ತಿಳಿಯುತ್ತದೆ. ಪದವನ್ನು ಅಕ್ಷರ ಅಕ್ಷರ ಬಿಡಿಸಿ ಕೂಗುವುದು ಓಟಿಸ್‌ನಲ್ಲಿಲ್ಲ. ಕಿಂಗ್ ಕರ್ಟಿಸ್‌ನ ಸ್ಯಾಕ್ಸೊಫೋನ್ ಬರುವ ಮಧ್ಯಭಾಗವೂ ಇಲ್ಲ. ಕರ್ನಾಟಕ ಸಂಗೀತ ಕಲಿತವರು ಇಲ್ಲಿ ಕಿವಿ ನಿಮಿರಿಸಬೇಕು: ಹಾಡಿನ ಶ್ರುತಿಯನ್ನು ಷಡ್ಜ ಎಂದಿಟ್ಟುಕೊಂಡರೆ ಈ ಮಧ್ಯಭಾಗದಲ್ಲಿ ಆಧಾರ ಒಮ್ಮೆಗೇ ಪ್ರತಿಮಧ್ಯಮಕ್ಕೆ ಜಿಗಿಯುತ್ತದೆ. ಕೂರದ ಜಾಗ ಅದು, ಆದರೂ ಕೂರುತ್ತದೆ.

ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಟಾಮಿ ಕಾಗ್‌ಬಿಲ್‌ನ ಬೇಸ್ ಗಿಟಾರ್ ಮಾಯ. ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವವರಿಗೆ ಇನ್ನೊಂದು ತೊಂದರೆ: ಆ ಕಾಲದ ಸ್ಟೀರಿಯೊದಲ್ಲಿ ವಾದ್ಯಗಳನ್ನು ಎಡಬಲಕ್ಕೆ ಹಂಚಿಬಿಡುತ್ತಿದ್ದರು, ಅರ್ಧ ಮೇಳವೇ ಕೇಳದೆ ಹೋಗಬಹುದು. ಎಡಬಲಕ್ಕೆ ಹಂಚದೆ ಎಲ್ಲವನ್ನೂ ಒಂದಾಗಿ ಕೇಳಿಸುವ ಮೋನೊ ಪ್ರತಿ ಸಿಕ್ಕರೆ ಅದನ್ನೇ ಆರಿಸಿ. ಶಫಲ್ ಆಫ್ ಮಾಡಿ. ಹನ್ನೊಂದು ಹಾಡು, ಅರ್ಧ ಗಂಟೆ ಚಿಲ್ಲರೆ, ಅಷ್ಟೇ.

ಸೋಲ್ ಗಾಯಕ ಸ್ಯಾಮ್ ಕುಕ್ ಹಾಡುಗಳು ಎರಡಿವೆ. ‘ಗುಡ್ ಟೈಮ್ಸ್’ ಸುಮಾರು, ದಾಟಿಸಿದರೂ ನಷ್ಟವಿಲ್ಲ. ಕೊನೆಯ ‘ಎ ಚೇಂಜ್ ಈಸ್ ಗಾನಾ ಕಮ್’ ಮಾತ್ರ ಕುಕ್‌ನ ಮೂಲದೊಂದಿಗೆ ಇಟ್ಟು ನೋಡಬೇಕಾದದ್ದು. ಅಲ್ಲಿದ್ದ ಪಿಟೀಲುಗಳ ದೊಡ್ಡ ಮೇಳ ಇಲ್ಲಿಲ್ಲ. ಹಳೆಯ ಗೆಳೆಯನೊಬ್ಬ ಹೇಳಿದ್ದು ಎಂಬ ಪೀಠಿಕೆಯನ್ನು ಅರೀತಾ ತಾವೇ ಸೇರಿಸಿ, ಆಮೇಲೆ ಕುಕ್‌ನ ಮೊದಲ ಸಾಲಿಗೆ ಬರುತ್ತಾರೆ.