ಬೆರಳು ತೋರಿಸಿ ಮಾತಾಡುವ ವಿದ್ಯಾರ್ಥಿ

ಚಿ. ಸುಮಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಬರೀ ಮಾತಾಡುವುದಕ್ಕೆ ಹಣ ಕೊಟ್ಟು ಬರುವವರೂ ಇದ್ದಾರೆಯೇ ಎಂದು ಹೋದ ಪತ್ರದಲ್ಲಿ ಕೇಳಿದ್ದೆಯಲ್ಲ, ಜಪಾನಿನಲ್ಲಿ ಧಾರಾಳವಾಗಿ ಇದ್ದಾರೆ. ನಾನು ಪಾಠ ಮಾಡುವಂಥ, ಇಂಗ್ಲಿಷ್ ಸಂಭಾಷಣೆಯನ್ನಷ್ಟೇ ಕಲಿಸುವ ಶಾಲೆಗಳನ್ನು ಇಲ್ಲಿ ಏಕೈವಾ ಎನ್ನುತ್ತಾರೆ. ಪ್ರವೇಶ ಪರೀಕ್ಷೆಗಾಗಿ ವರ್ಷಗಟ್ಟಲೆ ವ್ಯಾಕರಣವನ್ನೂ ಭಾಷಾಂತರವನ್ನೂ ಅಭ್ಯಾಸ ಮಾಡಿ, ಬಾಯಿ ತೆರೆಯುವ ಸಂದರ್ಭ ಬಂದಾಗ ತಡವರಿಸುವವರೇ ಹೆಚ್ಚಾಗಿ ನಮ್ಮಲ್ಲಿಗೆ ಬರುತ್ತಾರೆ.

ಅವರಲ್ಲಿ ಒಬ್ಬ ಹಿರಿಯರ ವಿಷಯವನ್ನು ನಿನಗೆ ಬರೆಯಲೇಬೇಕು. ಅವರು ನಿವೃತ್ತ ರೈಲು ಚಾಲಕರು. 1987ರಲ್ಲಿ ರಾಷ್ಟ್ರೀಯ ರೈಲ್ವೆಯನ್ನು ಖಾಸಗಿ ಕಂಪನಿಗಳಾಗಿ ವಿಭಜಿಸುವ ಮೊದಲೇ ಕೆಲಸಕ್ಕೆ ಸೇರಿದವರು. ಹೇಗಿದ್ದೀರಿ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದರೆ, ಬೆಳಗಿನ ರಕ್ತದೊತ್ತಡವನ್ನು ಅಂಕಿಗಳಲ್ಲಿ ತಿಳಿಸುತ್ತಾರೆ. ಆಡಬೇಕಾದ ವಾಕ್ಯವನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಕರ್ತೃಪದಕ್ಕೆ ಬೆರಳು ಚಾಚಿ ‘ಯೋಶಿ!’ (ಸರಿಯಿದೆ ಎಂದರ್ಥ), ಕ್ರಿಯಾಪದಕ್ಕೆ ಬೆರಳು ಚಾಚಿ ‘ಯೋಶಿ!’ ಎಂದು ಪಕ್ಕದ ಕೊಠಡಿಗೂ ಕೇಳುವಂತೆ ಕೂಗಿ, ಎಲ್ಲವೂ ಸರಿಯಿದೆಯೆಂದು ಖಾತ್ರಿಯಾದ ಮೇಲೆಯೇ ಬಾಯಿಬಿಡುತ್ತಾರೆ. ಇದು ಹುಚ್ಚಾಟವಲ್ಲ. ಸಿಗ್ನಲ್ಲು, ವೇಗ, ಗಡಿಯಾರ ಎಲ್ಲವನ್ನೂ ಬೆರಳಿಂದ ತೋರಿಸಿ, ಬಾಯಲ್ಲಿ ಹೇಳಿ ದೃಢಪಡಿಸಿಕೊಳ್ಳುವುದು ಇಲ್ಲಿನ ರೈಲು ನೌಕರರ ನಿತ್ಯದ ಕ್ರಮ. ಈ ಪದ್ಧತಿಯಿಂದ ಸರಳ ಕೆಲಸಗಳಲ್ಲಿ ಆಗುವ ತಪ್ಪುಗಳು ಸುಮಾರು 85 ಪ್ರತಿಶತ ಕಡಿಮೆಯಾದವೆಂದು 1994ರಲ್ಲಿ ಅವರ ರೈಲ್ವೆ ಸಂಶೋಧನಾ ಸಂಸ್ಥೆಯೇ ಪ್ರಯೋಗ ಮಾಡಿ ತೋರಿಸಿದೆ. ಆದರೆ ರೈಲಿಗೆ ಒಗ್ಗುವುದು ಹರಟೆಗೆ ಒಗ್ಗೀತೇ? ಅವರ ತಪಾಸಣೆ ಮುಗಿಯುವ ಹೊತ್ತಿಗೆ ನಾನು ಕೇಳಿದ ಪ್ರಶ್ನೆಯೇ ಹಳಸಿಹೋಗಿರುತ್ತಿತ್ತು.

ಆ ಅಭ್ಯಾಸವನ್ನು ಬಿಡಿಸಬೇಕೆಂದು ಸಹೋದ್ಯೋಗಿಗಳು ಸಲಹೆ ಕೊಟ್ಟರು, ನನಗದು ಒಪ್ಪಿಗೆಯಾಗಲಿಲ್ಲ. ಅರ್ಧ ಆಯುಸ್ಸು ಜನರ ಪ್ರಾಣವನ್ನು ಕಾಪಾಡಿದ ಶಿಸ್ತನ್ನು ವಾರಕ್ಕೊಂದು ಪಾಠದ ಟೀಚರು ಕಿತ್ತುಹಾಕುವುದು ಉದ್ಧಟತನವೇ ಸರಿ. ರೈಲು ಹೊರಟ ಮೇಲೂ ಗಾರ್ಡ್ ಪ್ಲಾಟ್‌ಫಾರ್ಮಿನತ್ತ ಕಣ್ಣಿಟ್ಟು ನೋಡುತ್ತಲೇ ಇರುತ್ತಾರಲ್ಲವೇ ಎಂದು ಅವರನ್ನೇ ಕೇಳಿ, ಮೊದಲು ವಾಕ್ಯವನ್ನು ಆಡಿಬಿಡಿ, ಬೆರಳು ತೋರಿಸುವುದನ್ನು ಆಮೇಲೆ ಇಟ್ಟುಕೊಳ್ಳಿ ಎಂದೆ. ಬಹಳ ಹೊತ್ತು ಯೋಚಿಸಿ, ನಿಯಮದಲ್ಲಿ ಅದಕ್ಕೆ ಅವಕಾಶವಿದೆಯೆಂದು ಒಪ್ಪಿಕೊಂಡರು. ಈಗ ಮಾತು ತಪ್ಪುತಪ್ಪಾಗಿಯಾದರೂ ಹೊರಡುತ್ತದೆ. ತಪ್ಪನ್ನು ಹಿಂದಿನಿಂದ ಅವರೇ ಹಿಡಿದು ‘ಯೋಶಿ’ ಎನ್ನದೆ ಮುಖ ಸಿಂಡರಿಸುತ್ತಾರೆ.

ಇಲ್ಲಿಗೆ ಹತ್ತಿರದ ಓಮಿಯಾದ ರೈಲ್ವೆ ಮ್ಯೂಸಿಯಮ್ಮಿನಲ್ಲಿ ವಿದೇಶೀಯರಿಗೆ ವಿವರಣೆ ಕೊಡಬೇಕೆಂಬುದು ಅವರ ಆಸೆ. 1872ರಲ್ಲಿ ಜಪಾನಿನ ಮೊದಲ ರೈಲುಮಾರ್ಗ ಆರಂಭವಾದಾಗ ಓಡಿದ, ಇಂಗ್ಲೆಂಡಿನಲ್ಲಿ ತಯಾರಾದ ಎಂಜಿನ್ ಅಲ್ಲಿದೆ. ಅದರ ಊರಿನ ಭಾಷೆಯಲ್ಲೇ ಅದರ ಕಥೆಯನ್ನು ಹೇಳಬೇಕೆಂಬುದು ಅವರ ಹಟ.

ಮೈಸೂರಿನಲ್ಲೂ ರೈಲ್ವೆ ಮ್ಯೂಸಿಯಂ ಇದೆಯೆಂದು ನಾನು ಬಾಯಿಬಿಟ್ಟಾಗಿನಿಂದ ಅವರಿಗೆ ಬೇರೆ ವಿಷಯವೇ ಬೇಡವಾಗಿದೆ. ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಮಹಾರಾಣಿಯವರ ಸಲೂನ್ ಬೋಗಿಯ ಫೋಟೋಗಳನ್ನು ತೆಗೆದು ಕಳುಹಿಸು. ಗಾಲಿಗಳದ್ದನ್ನು ಮರೆಯಬೇಡ, ಅವರು ಮೊದಲು ಕೇಳುವುದು ಅವನ್ನೇ.

ನಿನ್ನ ಅಮ್ಮ